ಎರೆದಿನ್ನಿಯ ಎಡಬಲದ ಬಾವಿ

ನನ್ನ ಅಕ್ಷರ ದುಂಡಗಿಲ್ಲ, ಮಾತನ್ನು ಜೋಡಿಸಿ ಬರೆದ ರೂಢಿಯೂ ನನಗಿಲ್ಲ. ಸಾಲೆಯನ್ನು ಬಿಟ್ಟದ್ದು ಸಣ್ಣವಳಿದ್ದಾಗಲೇ. ಊರಿನ ಹಳೆಯ ಬಾವಿಯನ್ನು ಮತ್ತೆ ದುರಸ್ತಿ ಮಾಡಿಸಬೇಕೆಂದು ಹೊರಟವರು, ಅದರ ಹೆಸರಿನ ಕಥೆ ಗೊತ್ತಿದ್ದವರು ಬರೆದುಕೊಡಬೇಕೆಂದು ಓಣಿ ಓಣಿ ತಿರುಗಿ ಕೊನೆಗೆ ನಮ್ಮ ಮನೆಗೂ ಬಂದರು. ಅತ್ತೆಯವರ ಬಾಯಿಂದ, ಅವರ ಓರಗೆಯವರ ಬಾಯಿಂದ ಕೇಳಿದ್ದನ್ನು ನನ್ನ ತಿಳಿವಳಿಕೆಗೆ ನಿಲುಕಿದಷ್ಟು ಇಲ್ಲಿ ಇಳಿಸಿದ್ದೇನೆ. ಒಬ್ಬರು ಹೇಳಿದಂತೆ ಇನ್ನೊಬ್ಬರು ಹೇಳುವುದಿಲ್ಲ. ಓದುವವರಿಗೆ ಎಲ್ಲಾದರೂ ಗೊಂದಲವಾದರೆ ಅದು ಕಥೆಯದೋ ನನ್ನದೋ ಎಂಬುದು ನನಗೂ ತಿಳಿಯದು.

ಎರೆದಿನ್ನಿ ಎಂಬುದು ಕಪ್ಪುನೆಲದ ಬಯಲಿನ ನಡುವೆ ತುಸು ಎತ್ತರದಲ್ಲಿ ಕುಳಿತಿರುವ ಊರು. ಊರಿನ ಮೂಡಣಕ್ಕೆ, ಜಾಲಿಮರಗಳ ಸಾಲು ಮುಗಿದಲ್ಲಿ, ನೆಲವು ಇದ್ದಕ್ಕಿದ್ದಂತೆ ಬಾಯಿ ತೆರೆದಂತೆ ಕಾಣುತ್ತದೆ. ಹತ್ತಿರ ಹೋಗಿ ನಿಂತರೆ ಅಗಲವಾದ ಕಲ್ಲಿನ ಮೆಟ್ಟಿಲುಗಳು ಕೆಳಕ್ಕೆ ಇಳಿದಿರುವುದು ಕಾಣುತ್ತದೆ. ಮೆಟ್ಟಿಲು ಮುಗಿಯುವಲ್ಲಿ ಎರಡು ದಪ್ಪ ಗೋಡೆಗಳು, ಅವುಗಳ ನಡುವೆ ಕದವಿಲ್ಲದ ಒಂದು ಬಾಗಿಲು. ಆ ಬಾಗಿಲನ್ನು ದಾಟಿದರೆ ನೀರು. ಆದ್ದರಿಂದ ಅದಕ್ಕೆ ನೀರಬಾಗಿಲು ಎನ್ನುತ್ತಾರೆ. ಬಾಗಿಲ ಎರಡು ಮಗ್ಗುಲಿಗೆ ಒಂದೊಂದರಂತೆ, ಆ ಗೋಡೆಗಳನ್ನು ಬೆನ್ನ ಮೇಲೆ ಹೊತ್ತುಕೊಂಡು ಎರಡು ಕಲ್ಲಾನೆಗಳು ನಿಂತಿವೆ. ಉಳಿದ ಊರುಗಳಲ್ಲಿ ಬಾಗಿಲ ಆನೆಗಳು ಒಂದಕ್ಕೊಂದು ಮುಖ ಮಾಡಿ, ಒಳಗೆ ಬರುವವರ ಕಡೆಗೆ ಸೊಂಡಿಲು ಚಾಚಿ ನಿಲ್ಲುವುದು ವಾಡಿಕೆ. ಇಲ್ಲಿ ಬಾಗಿಲ ಕಡೆಗೆ ಇರುವುದು ಬಾಲಗಳು. ಮುಖಗಳು ಮೂಲೆಗಳ ಕಡೆಗಿವೆ. ಹೊಸಬರು ನೋಡಿ, ಒಲೆ ಬೇರೆ ಮಾಡಿಕೊಂಡ ಓರಗಿತ್ತಿಯರು ಹೀಗೆಯೇ ನಿಲ್ಲುತ್ತಾರೆ ಎಂದು ನಗುತ್ತಾರೆ. ಮುನಿಸಿನ ಬಾವಿ ಎಂದು ಹೆಸರಿದ್ದರೆ ಯಾರೂ ಪ್ರಶ್ನೆ ಮಾಡುತ್ತಿರಲಿಲ್ಲ. ಹೆಸರು ಮಾತ್ರ ಎಡಬಲದ ಬಾವಿ. ಯಾವುದರ ಎಡ, ಯಾರ ಬಲ ಎಂದು ಕೇಳಿದರೆ ಊರವರು ಒಬ್ಬರ ಮುಖವನ್ನೊಬ್ಬರು ನೋಡಿ, ಕೂತು ಕೇಳುವಷ್ಟು ಹೊತ್ತಿದ್ದರೆ ಹೇಳುತ್ತೇವೆ ಎನ್ನುತ್ತಾರೆ.

ಹಿಂದೆ ಒಮ್ಮೆ, ಈ ಸೀಮೆಯಲ್ಲಿ ದೇಸಾಯರ ಆಳ್ವಿಕೆ ನಡೆದಿದ್ದ ಕಾಲಕ್ಕೇ ಈ ಬಾವಿ ಹಳೆಯದಾಗಿತ್ತಂತೆ. ಕಟ್ಟಿಸಿದವರು ಯಾರೆಂಬುದು ಆ ಕಾಲದವರಿಗೂ ಮರೆತುಹೋಗಿತ್ತು. ನೀರಿನ ಸುಣ್ಣದ ಅಂಶವೂ ಪಾಚಿಯೂ ತಲೆಮಾರುಗಳಿಂದ ಕಟ್ಟಿ ಕಟ್ಟಿ, ನೀರಬಾಗಿಲ ಎರಡು ಮಗ್ಗುಲಲ್ಲಿದ್ದ ಕಲ್ಲುಗಳಿಗೆ ಕಣ್ಣು, ಕಿವಿ, ಸೊಂಡಿಲು ಒಂದೂ ಉಳಿದಿರಲಿಲ್ಲ. ಅವು ಆನೆಗಳೆಂಬುದೇ ಯಾರಿಗೂ ಗೊತ್ತಿರದೆ, ಜನ ಅವನ್ನು ಗುಂಡುಗಳು ಎಂದಷ್ಟೇ ಕರೆಯುತ್ತಿದ್ದರು. ಅವುಗಳಲ್ಲಿ ಒಂದು ಗುಂಡಿನ ತುದಿಯಲ್ಲಿ, ಬಾಗಿಲಿಗೆ ಹತ್ತಿಕೊಂಡಂತೆ, ಕೊಡದ ತಳ ಕೂರುವಂತಹ ಒಂದು ಕುಣಿ ಬಿದ್ದಿತ್ತು. ನೀರು ತುಂಬಿಕೊಂಡು ಹೊರಬಂದ ಹೆಂಗಸರು ಮೆಟ್ಟಿಲು ಹತ್ತುವ ಮೊದಲು ಅದರ ಮೇಲೆ ಕೊಡವನ್ನಿಟ್ಟು ಉಸಿರು ಎಳೆದುಕೊಳ್ಳುತ್ತಿದ್ದರು. ಎಷ್ಟೋ ತಲೆಮಾರಿನ ಕೊಡಗಳು ಉಜ್ಜಿ ಉಜ್ಜಿ ಆದ ಕುಣಿ ಅದು.

ಆ ಕುಣಿಯನ್ನು ಎಲ್ಲರಿಗಿಂತ ಹೆಚ್ಚು ಬಲ್ಲವಳು ಹಂಪವ್ವ. ಎರೆದಿನ್ನಿಗೆ ಸೊಸೆಯಾಗಿ ಬಂದು, ಮಕ್ಕಳಾಗುವ ಮೊದಲೇ ಗಂಡನನ್ನು ಕಳೆದುಕೊಂಡ ಹೆಂಗಸು. ಹೊಲವಿಲ್ಲ, ದನವಿಲ್ಲ, ಇದ್ದದ್ದು ಒಂದು ಕೊಡ, ಕೊಡದಡಿಗೆ ತಲೆಯ ಮೇಲಿಡುವ ಒಂದು ಸಿಂಬಿ. ಬಾಣಂತಿಯರ ಮನೆಗೆ, ಮುದುಕರ ಮನೆಗೆ, ಗೌಡರ ಮನೆಗೆ ಅವಳೇ ನೀರು ತರುತ್ತಿದ್ದಳು. ದಾರಿಹೋಕರು ಬಂದರೆ ಜಾಲಿಯ ನೆರಳಲ್ಲಿ ನಿಂತು ಬೊಗಸೆಗೆ ನೀರು ಹಾಕುತ್ತಿದ್ದಳು. ಸುಗ್ಗಿಯಲ್ಲಿ ಕಣಕ್ಕೆ ಹೋದರೆ ಬಡಿಗ ಕಮ್ಮಾರರ ಜೊತೆಗೆ ಅವಳ ಪಾಲಿನ ಜೋಳವನ್ನೂ ಅಳೆಯುತ್ತಿದ್ದರು. ಅದು ಭಿಕ್ಷೆಯಲ್ಲ, ಆಯ. ಊರು ತನಗಾಗಿ ದುಡಿದವರಿಗೆ ಕೊಡುವ ಪಾಲು. ಅದನ್ನು ಉಡಿಯಲ್ಲಿ ಕಟ್ಟಿಕೊಂಡು ಬರುವಾಗ ಹಂಪವ್ವ ತಲೆಯ ಮೇಲಿನ ಸೆರಗನ್ನು ಸರಿಮಾಡಿಕೊಂಡು, ಯಾರನ್ನೂ ನೋಡದೆ, ಆದರೆ ಎಲ್ಲರೂ ನೋಡುವಂತೆ ನಡೆಯುತ್ತಿದ್ದಳಂತೆ. ಹುಟ್ಟಿದ ಊರಿನಲ್ಲಿ ಅವಳಿಗೊಬ್ಬ ತಮ್ಮನಿದ್ದ. ಅವನ ಹೆಂಡತಿ ಒಮ್ಮೆ, ಕುಂತು ಉಣ್ಣುವವರಿಗೆ ನಮ್ಮ ಮನೆಯಲ್ಲಿ ಮಣೆ ಇಲ್ಲ ಎಂದು ಒಳಗಿನಿಂದ ಹೇಳಿದ್ದು ಅವಳ ಕಿವಿಗೆ ಬಿದ್ದಿತ್ತು. ಅಂದಿನಿಂದ ಅವಳು ಆ ಕಡೆಗೆ ಕಾಲಿಟ್ಟಿರಲಿಲ್ಲ.

ಒಂದು ವರ್ಷ ಮಳೆ ಬಿಡದೆ ಹಿಡಿಯಿತು. ನೀರಬಾಗಿಲ ಗೋಡೆಗಳು ಹೊಟ್ಟೆ ಬಂದಂತೆ ಉಬ್ಬಿ, ಒಂದು ಮಧ್ಯಾಹ್ನ ಧೊಪ್ಪೆಂದು ಕುಸಿದವು. ಕೆಳಗೆ ಯಾರೂ ಇರಲಿಲ್ಲವೆಂಬುದೇ ಪುಣ್ಯ. ಗೋಡೆಯ ಹಿಂದಿದ್ದ ಎರೆಮಣ್ಣೆಲ್ಲ ಒಳಕ್ಕೆ ಜಾರಿ, ತಳದಲ್ಲಿ ನೀರು ಉಕ್ಕುವ ಊಟೆಯ ಬಾಯಿಗಳು ಮುಚ್ಚಿಹೋದವು. ಬೇಸಿಗೆಯ ಹೊತ್ತಿಗೆ ಬಾವಿಯಲ್ಲಿ ಉಳಿದದ್ದು ಹಸಿರು ಕೆಸರು ಮಾತ್ರ. ಜನ ದೂರದ ಹಳ್ಳಕ್ಕೆ ಹೋಗಿ ಮರಳು ತೋಡಿ ನೀರು ತರತೊಡಗಿದರು. ಆಗ ಊರ ಗೌಡನಾಗಿದ್ದವನು ಅಯ್ಯನಗೌಡ. ಕೆಟ್ಟವನಲ್ಲ, ಯೋಚಿಸಿ ಮಾತಾಡುವ ಮನುಷ್ಯ. ಹಾಳುಬಾವಿಯ ಬಾಯಿ ತೆರೆದಿದ್ದರೆ ದನಕರುಗಳು ಬೀಳುತ್ತವೆ, ಅದನ್ನು ಮಣ್ಣಿನಿಂದ ಮುಚ್ಚಿ ಊರನ್ನೇ ಹಳ್ಳದ ದಂಡೆಗೆ ಎಬ್ಬಿಸಿಕೊಂಡು ಹೋಗೋಣ, ಅಲ್ಲಿ ಪ್ರತಿ ಮನೆಯವರೂ ಹಿತ್ತಲಲ್ಲೇ ನೀರು ತೆಗೆಯಬಹುದು ಎಂದು ಅವನು ಹೇಳಿದ. ಕೇಳಿದವರಿಗೆಲ್ಲ ಹೌದೆನ್ನಿಸಿತು. ಹಂಪವ್ವನಿಗೂ ಹೌದೆನ್ನಿಸಿತು. ಆದರೆ ಎಲ್ಲರ ಹಿತ್ತಲಲ್ಲೂ ನೀರಿರುವ ಊರಿನಲ್ಲಿ ನೀರು ಹೊರುವವಳ ಪಾಲನ್ನು ಯಾರು ಅಳೆಯುತ್ತಾರೆ? ಅವಳಿಗೆ ಉಳಿಯುವುದು ತಮ್ಮನ ಮನೆಯ ದಾರಿ ಒಂದೇ.

ಅವಳಿಗೆ ಚಾವಡಿಯಲ್ಲಿ ನಿಂತು ಮಾತಾಡುವ ಧೈರ್ಯವಿರಲಿಲ್ಲ. ಆದರೆ ಎರೆದಿನ್ನಿಯಲ್ಲಿ ಒಂದು ಪದ್ಧತಿಯಿತ್ತು: ಹೊಸ್ತಿಲಿಗೆ ಬಂದ ಖಾಲಿ ಕೊಡವನ್ನು ಖಾಲಿಯಾಗಿ ಹಿಂದಕ್ಕೆ ಕಳಿಸಬಾರದು, ಕಳಿಸಿದರೆ ಆ ಮನೆಯ ಒರಳು ಬರಿದಾಗುತ್ತದೆ ಎಂದು ನಂಬುತ್ತಿದ್ದರು. ಹಂಪವ್ವ ಒಂದು ಬೆಳಗ್ಗೆ ಕೊಡವನ್ನು ಬೆಳಗಿ, ಓಣಿಯ ಮೊದಲ ಮನೆಯ ಹೊಸ್ತಿಲ ಮೇಲೆ ಇಟ್ಟು, ಪಕ್ಕಕ್ಕೆ ಸರಿದು ನಿಂತಳು. ಅದು ಸೂಗವ್ವನ ಮನೆ. ಸೂಗವ್ವನೆಂದರೆ ಊರಿಗೆಲ್ಲ ಹಿರಿಯಳು; ಅವಳ ಬಾಯಿಗೆ ಗೌಡನೂ ಹೆದರುತ್ತಿದ್ದ.

"ಏ ಹಂಪಿ, ಬೆಳಗಾಗಿ ಎದ್ದು ಖಾಲಿ ಕೊಡದ ದರ್ಶನ ಮಾಡಸಾಕ ಬಂದೀಯೇನು? ನೀರಿಲ್ಲದ ಊರಾಗ ಇದಕ್ಕ ಏನು ತುಂಬಲಿ, ನನ್ನ ಕಣ್ಣೀರ?"

"ನೀರು ಬ್ಯಾಡಬೇ ಯವ್ವ. ಒಂದು ಮಾತು ತುಂಬು. ಬಾವಿ ಕೆಲಸಕ್ಕ ನಿಮ್ಮ ಮನ್ಯಾಗಿಂದ ಒಬ್ಬರು ಬರ್ತೀವಿ ಅಂದುಬಿಡು, ಕೊಡ ತುಂಬಿದಂಗ ಆಕ್ಕೈತಿ."

ಸೂಗವ್ವ ಒಳಗೆ ಹೋಗಿ ಒಂದು ಹಿಡಿ ಜೋಳ ತಂದು ಕೊಡದೊಳಗೆ ಹಾಕಿ, "ನನ್ನ ಇಬ್ಬರೂ ಮಕ್ಕಳು ಬರ್ತಾರ. ಇನ್ನ ಮುಂದಿನ ಮನೀಗೆ ನಡಿ. ಎಲ್ಲಾರಿಗೂ ಒಂದ ಸಲ ಹೊಟ್ಟಿ ಉರೀಲಿ" ಎಂದಳು. ಹಂಪವ್ವ ಹೀಗೆ ಮನೆ ಮನೆಯ ಹೊಸ್ತಿಲಿಗೆ ಕೊಡವನ್ನಿಟ್ಟಳು. ಒಪ್ಪಿದವರು ಒಂದು ಹಿಡಿ ಜೋಳ ಹಾಕಿದರು. ಇಷ್ಟವಿಲ್ಲದವರೂ ಒರಳಿಗೆ ಹೆದರಿ ಹಾಕಿದರು. ಸಂಜೆ ತುಂಬಿದ ಕೊಡವನ್ನು ಅವಳು ಗೌಡನ ಕಟ್ಟೆಯ ಮೇಲೆ ಇಟ್ಟಾಗ ಅವನು ಅದರೊಳಗೆ ಕೈಯಾಡಿಸಿ ನೋಡಿ, "ಊರಿಗೆ ಊರಽ ಒಪ್ಪಿದ ಮ್ಯಾಲ ನಾನೊಬ್ಬ ಯಾಕ ಅಡ್ಡ ಬರಲಿ? ಆದರ ಮಿರಗದ ಮಳಿ ಬೀಳೂದರೊಳಗ ಬಾವ್ಯಾಗ ನೀರು ಕಾಣಬೇಕು. ಕಾಣಲಿಲ್ಲಂದ್ರ ಮಣ್ಣು ಮುಚ್ಚೂದು, ಹಳ್ಳಕ್ಕ ನಡಿಯೂದು. ಆಗ ಮತ್ತ ಕೊಡ ತಗೊಂಡು ಬರಬ್ಯಾಡ ತಂಗಿ" ಎಂದನು.

ದೂರದ ಊರಿನಿಂದ ಬಮ್ಮೋಜನೆಂಬ ಕಲ್ಲುಕುಟಿಗನನ್ನು ಕರೆಸಿದರು. ಅವನು ತನ್ನ ಆಳುಗಳೊಂದಿಗೆ ಬಂದು, ಬಿದ್ದ ಕಲ್ಲುಗಳನ್ನೂ ಇನ್ನೂ ಬೀಳದೆ ವಾಲಿದ್ದ ಕಲ್ಲುಗಳನ್ನೂ ಒಂದೊಂದಾಗಿ ಮೇಲೆತ್ತಿಸಿದನು. ಊರಿನ ಗಂಡಸರು ಹಗ್ಗ ಹಿಡಿದರು, ಹೆಂಗಸರು ಬುಟ್ಟಿಯಲ್ಲಿ ಕೆಸರು ಹೊತ್ತರು. ಒಂದು ಗೋಡೆಯ ಕಲ್ಲು ಇನ್ನೊಂದರಲ್ಲಿ ಸೇರಬಾರದೆಂದು ಬಮ್ಮೋಜನು ಬಲಗೋಡೆಯ ಕಲ್ಲುಗಳಿಗೆ ಕೆಮ್ಮಣ್ಣಿನ ಗೆರೆ, ಎಡಗೋಡೆಯವಕ್ಕೆ ಸುಣ್ಣದ ಗೆರೆ ಎಳೆಸಿದನು. ಎರಡು ಗುಂಡುಗಳಿಗೂ ಹಾಗೆಯೇ ಒಂದಕ್ಕೆ ಕೆಂಪು, ಒಂದಕ್ಕೆ ಬಿಳುಪು. ಎಲ್ಲವನ್ನೂ ಬಾವಿಯ ಮೇಲಿನ ಬಯಲಿನಲ್ಲಿ ಹರವಿ, ಅಮಾವಾಸ್ಯೆಯ ದಿನ ಆಳುಗಳಿಗೆ ಬಿಡುವು ಕೊಟ್ಟು, ತಾನೂ ಪಕ್ಕದ ಊರಿನ ನೆಂಟರಲ್ಲಿಗೆ ಹೋದನು.

ಅಂದು ಊರಿನ ಹೆಂಗಸರೆಲ್ಲ ಗಂಗೆಯ ಕಲ್ಲುಗಳಿಗೆ ಪೂಜೆ ಮಾಡೋಣವೆಂದು ಹೊರಟರು. ಗುಂಡುಗಳನ್ನು ಹುಣಸೆಹಣ್ಣಿನಿಂದಲೂ ಇಟ್ಟಿಗೆಪುಡಿಯಿಂದಲೂ ತಿಕ್ಕುತ್ತಿದ್ದಂತೆ ಕಟ್ಟಿದ್ದ ಸುಣ್ಣದ ಪದರು ಬಿರಿದು ಬಿತ್ತು. ಒಳಗಿನಿಂದ ಒಂದು ಕಣ್ಣು, ಒಂದು ಮೊರದ ಕಿವಿ, ಮಡಿಸಿದ ಒಂದು ಸೊಂಡಿಲು ಹೊರಗೆ ಬಂತು. ಹೆಂಗಸರು ಕೂಗಿಕೊಂಡ ಕೂಗಿಗೆ ಊರೇ ಓಡಿ ಬಂತು ಎನ್ನುತ್ತಾರೆ. ಆ ಸಂಭ್ರಮದಲ್ಲಿ ಆನೆಗಳನ್ನು ತೊಳೆದರು, ಎಣ್ಣೆ ಹಚ್ಚಿದರು, ಹೂ ಏರಿಸಿದರು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಈ ಕಡೆಯಲ್ಲಿ ದೇವರ ಕಟ್ಟೆಗೆ, ಗುಡಿಯ ಗೋಡೆಗೆ ಕೆಮ್ಮಣ್ಣು ಸುಣ್ಣದ ಪಟ್ಟೆಗಳನ್ನು ಬಳಿಯುವುದು ವಾಡಿಕೆ. ಕಲ್ಲುಗಳ ಮೇಲೆ ಒಂದೊಂದೇ ಗೆರೆ ಇದ್ದದ್ದನ್ನು ನೋಡಿ, ಪಾಪ, ಯಾರೋ ಬಳಿಯಲು ಹೊರಟು ಅರ್ಧಕ್ಕೇ ನಿಲ್ಲಿಸಿದ್ದಾರೆ ಎಂದು ತಿಳಿದು, ಅವರು ಪ್ರತಿಯೊಂದು ಕಲ್ಲಿಗೂ ಕೆಂಪಿನ ಪಕ್ಕಕ್ಕೆ ಬಿಳುಪು, ಬಿಳುಪಿನ ಪಕ್ಕಕ್ಕೆ ಕೆಂಪು ಬಳಿದು ಮುಗಿಸಿದರು.

ಮರುದಿನ ಬಂದ ಬಮ್ಮೋಜನು ಬಯಲಿನ ತುಂಬ ಗುಡಿಗೋಡೆಯಂತೆ ಹೊಳೆಯುತ್ತಿದ್ದ ಕಲ್ಲುಗಳನ್ನು ಕಂಡು, ತಲೆಗೆ ಸುತ್ತಿದ್ದ ರುಮಾಲನ್ನು ಬಿಚ್ಚಿ ನೆಲಕ್ಕೆ ಹಾಕಿ ಅದರ ಮೇಲೆ ಕುಳಿತುಬಿಟ್ಟನು.

"ಯವ್ವಗಳಿರಾ, ಈ ಕೆಲಸ ಯಾರು ಮಾಡಿದ್ರಿ?"

"ಯಾಕ ಓಜಪ್ಪ, ಚಂದ ಆಗಿಲ್ಲೇನು?" ಎಂದಳು ಸೂಗವ್ವ. "ಒಂದು ಕಲ್ಲಿಗೆ ಕೆಂಪು ಹಚ್ಚಿ ಇನ್ನೊಂದಕ್ಕ ಬಿಟ್ರ ಅದು ನೊಂದುಕೊಳ್ಳೂದಿಲ್ಲೇನು? ನೀ ಅರ್ಧಕ್ಕ ಬಿಟ್ಟು ಉಣ್ಣಾಕ ಹೋಗಿದ್ದಿ. ನಾವು ಪೂರಾ ಮಾಡೀವಿ."

ಗೋಡೆಯ ಕಲ್ಲುಗಳನ್ನು ಅವುಗಳ ಅಂಚು ನೋಡಿ ಹೊಂದಿಸುವುದು ಬಮ್ಮೋಜನಿಗೆ ತಿಳಿದಿತ್ತು. ಆದರೆ ಆನೆಗಳು ಅವಳಿಜವಳಿ. ಒಂದೊಂದಕ್ಕೂ ಒಂದೇ ಮಗ್ಗುಲಿಗೆ ಕೆತ್ತನೆಯಿದ್ದು, ಇನ್ನೊಂದು ಮಗ್ಗುಲು ಒರಟಾಗಿ ಗೋಡೆಗೆ ಒರಗುವಂತಿತ್ತು. ಆದ್ದರಿಂದ ಇಟ್ಟಲ್ಲಿ ಇಡಬೇಕೇ ಹೊರತು ತಿರುಗಿಸಿ ಕೂರಿಸುವಂತಿರಲಿಲ್ಲ. ಯಾವುದು ಯಾವ ಕಡೆಗೆ ಇತ್ತೆಂದು ಕೇಳಿದರೆ ದಿನಾ ಅವುಗಳ ನಡುವೆಯೇ ಓಡಾಡಿದ ಜನ ಒಬ್ಬೊಬ್ಬರು ಒಂದೊಂದು ಹೇಳಿದರು. ಕೊನೆಗೆ, ಕುಣಿ ಇರುವ ಗುಂಡು ಯಾವ ಕಡೆಗಿತ್ತು ಎಂಬುದನ್ನು ಹಂಪವ್ವನನ್ನು ಬಿಟ್ಟು ಬೇರೆ ಯಾರು ಹೇಳಬೇಕು ಎಂದು ಅವಳನ್ನು ಮುಂದಕ್ಕೆ ತಂದು ನಿಲ್ಲಿಸಿದರು. ಅಷ್ಟು ಗಂಡಸರ ಎದುರು ನಿಂತ ಹಂಪವ್ವ ಸೆರಗನ್ನು ಹಲ್ಲಿನಲ್ಲಿ ಹಿಡಿದು, ನೆಲ ನೋಡುತ್ತ, "ಬಲಕ್ಕರೀ" ಎಂದಳು.

"ಬಲಕ್ಕನ? ಚಂದಂಗ ಯೋಚನಿ ಮಾಡಿ ಹೇಳು ತಾಯಿ."

"ಬಲಕ್ಕರೀ. ದಿನಾ ಕೊಡ ಇಟ್ಟ ಕೈ ಇದು" ಎಂದು ಅವಳು ಬಲಗೈಯನ್ನು ತುಸುವೇ ಮುಂದೆ ಮಾಡಿ ತೋರಿಸಿದಳು. ಬಮ್ಮೋಜನು ಆ ಕೈಗೆ ಕೈ ಮುಗಿದು, ಕುಣಿಯ ಆನೆಯನ್ನು ಬಲಕ್ಕೆ ಕೂರಿಸಲು ಹೇಳಿದನು. ಮೇಲಿನ ಅಡ್ಡಗಲ್ಲು ಕೂರುವವರೆಗೆ ಕೆಳಗೆ ಯಾರೂ ಇಳಿಯಬಾರದೆಂದು ಮೆಟ್ಟಿಲಿಗೆ ಜಾಲಿಮುಳ್ಳು ಎಳೆಸಿದನು.

ಅಡ್ಡಗಲ್ಲು ಕೂತು ಮುಳ್ಳು ತೆಗೆದ ದಿನ ಮೊದಲು ಇಳಿದವಳು ಹಂಪವ್ವ. ಕಸಬರಿಗೆ ಹಿಡಿದುಕೊಂಡು, ಕಂಕುಳಲ್ಲಿ ಖಾಲಿ ಕೊಡವನ್ನಿಟ್ಟುಕೊಂಡು ಹೋಗಿದ್ದಳು. ನೀರಬಾಗಿಲನ್ನು ದಾಟಿ, ಒಣಗಿದ ನೆಲವನ್ನು ಗುಡಿಸಿ, ಹೊರಗೆ ಬರುವಾಗ ಅವಳ ಕೈ ತಾನಾಗಿಯೇ ಬಲಕ್ಕೆ ಚಾಚಿ ಕೊಡವನ್ನು ಕುಣಿಯಲ್ಲಿ ಇಡಲು ಹೋಯಿತು. ಅಲ್ಲಿ ಕುಣಿಯಿರಲಿಲ್ಲ, ಕೊಡದ ತಳಕ್ಕೆ ತಾಗಿದ್ದು ಒಂದು ಆನೆಯ ಬಾಲ. ಕೊಡ ಜಾರಿ ಠಣ್ಣೆಂದು ಕೆಳಗೆ ಬಿತ್ತು. ಹಂಪವ್ವ ಎಡಕ್ಕೆ ತಿರುಗಿ ನೋಡಿದಳು: ಅಲ್ಲಿಯೂ ಬಾಲವೇ; ಎರಡು ಆನೆಗಳೂ ಅದಲುಬದಲಾಗಿ ಕೂತಿದ್ದವು. ಕುಣಿ ಹೊತ್ತ ತಲೆ ಅತ್ತ ಎಡಮೂಲೆಯಲ್ಲಿ ಗೋಡೆಯ ಕಡೆಗೆ ಮುಖ ಮಾಡಿತ್ತು. ಬಲಕ್ಕೆ ಎಂದು ಹೇಳಿದ್ದೆನಲ್ಲ, ಎಡಕ್ಕೆ ಯಾರು ಇಟ್ಟರು ಎಂದುಕೊಂಡು ಅವಳು ಮೆಟ್ಟಿಲ ತುದಿಯವರೆಗೆ ಹತ್ತಿ ಹೋಗಿ, ಮತ್ತೆ ಇಳಿದು ಬಂದಳು. ಇಳಿದು ಬರುವಾಗ ಕುಣಿಯ ಆನೆ ಬಲಕ್ಕೇ ಇತ್ತು. ಬಾಗಿಲು ದಾಟಿ ತಿರುಗಿ ಬಂದಳು, ಎಡಕ್ಕೆ ಹೋಗಿತ್ತು. ಮತ್ತೊಮ್ಮೆ ಹೋದಳು, ಮತ್ತೊಮ್ಮೆ ಬಂದಳು. ಇಷ್ಟು ವರ್ಷ ಒಂದೇ ಕಡೆಗೆ ಇದ್ದ ತನ್ನ ಬಲಗೈ, ತಾನು ತಿರುಗಿದ ಹಾಗೆಲ್ಲ ತಿರುಗುತ್ತದೆ ಎಂಬುದು ಅವಳಿಗೆ ಹೊಳೆದಿರಲೇ ಇಲ್ಲ. ಅವಳು ಮೆಟ್ಟಿಲ ಮೇಲೆ ಕುಳಿತು ಎರಡು ಕೈಗಳನ್ನೂ ಮುಂದೆ ಹಿಡಿದು, ಯಾರದೋ ಕೈಗಳನ್ನು ನೋಡಿದಂತೆ ನೋಡಿದಳು.

ಅವಳು ಆ ಮಾತನ್ನು ಯಾರಿಗೂ ಹೇಳಲಿಲ್ಲ. ನೀರು ಬಂದರೆ ಎಲ್ಲರೂ ಮರೆಯುತ್ತಾರೆ ಎಂದುಕೊಂಡಳು. ಆದರೆ ನೀರು ಬರಲಿಲ್ಲ. ಕೆಸರು ತೆಗೆದದ್ದಾಗಿತ್ತು, ಗೋಡೆ ನಿಂತದ್ದಾಗಿತ್ತು, ನೆಲ ಮಾತ್ರ ಒಣಗಿಯೇ ಇತ್ತು. ಮೋಡಗಳು ತೆಂಕಣದಲ್ಲಿ ಗುಂಪುಗೂಡುತ್ತಿದ್ದವು. ಮುಂಗಾರಿನ ಮೊದಲಿನ ಮಿರಗದ ಮಳೆ ಇಂದೋ ನಾಳೆಯೋ ಎಂಬಂತಿತ್ತು. ಆಗ ಸೂಗವ್ವ ಒಂದು ಸಂಜೆ ಕೆಳಗಿಳಿದು ನೋಡಿ ಬಂದು, "ಅಲ್ರೇ, ಆನಿ ಯಾಕ ಬಾಗಲಕ್ಕ ಬಾಲ ತೋರಸ್ತಾವು? ಬಂದವರಿಗೆ ಬೆನ್ನು ತಿರುವೋ ಮನೀಗೆ ನಾನಽ ಹೋಗಾಂಗಿಲ್ಲ, ಗಂಗವ್ವ ಹೆಂಗ ಬಂದಾಳು?" ಎಂದಳು. ಅಂದಿದ್ದು ತಮಾಷೆಗೋ ನಿಜಕ್ಕೋ ಗೊತ್ತಿಲ್ಲ. ಬೆಳಗಾಗುವಷ್ಟರಲ್ಲಿ ಊರೆಲ್ಲ ಅದನ್ನೇ ಹೇಳುತ್ತಿತ್ತು.

ಅಯ್ಯನಗೌಡ ಊರವರನ್ನೆಲ್ಲ ಬಾವಿಯ ಹತ್ತಿರಕ್ಕೇ ಕರೆಸಿದನು. ಕಟ್ಟಿದ್ದನ್ನು ಬಿಚ್ಚಿ ಮತ್ತೆ ಕಟ್ಟಬೇಕೋ, ಮಣ್ಣು ಮುಚ್ಚಿ ಹೊರಡಬೇಕೋ, ಇವತ್ತೇ ತೀರ್ಮಾನವಾಗಬೇಕು ಎಂದನು. ಬಮ್ಮೋಜನು, "ಬಲಕ್ಕ ಅಂತ ಹೇಳಿದ್ರು, ಬಲಕ್ಕ ಇಟ್ಟೀನಿ. ಇಳಿದು ನೋಡಿಕೊಳ್ರಿ" ಎಂದು ಕೈ ಕಟ್ಟಿ ನಿಂತನು. ಹಂಪವ್ವ ಸುಮ್ಮನಿದ್ದರೆ ಬಮ್ಮೋಜನ ಮೇಲೆ ತಪ್ಪು ಬೀಳುತ್ತದೆ, ಮಾತಾಡಿದರೆ ತನ್ನ ಮೇಲೆ. ಅವಳು ಮುಂದೆ ಬಂದಳು.

"ಹೇಳಿದಾಕಿ ನಾನರೀ ಗೌಡ್ರ. ಅವರದೇನೂ ತಪ್ಪಿಲ್ಲ."

"ಹಂಗಾದರ ಇದು ನೀ ಹೇಳಿದ ಬಲ ಹೌದೋ ಅಲ್ಲೋ?"

"ಬಲ ಹೌದರೀ. ಆದರ ನಾ ಹೇಳಿದ ಬಲ ಅಲ್ಲರೀ."

ಗಂಡಸರು ಗೊಳ್ಳೆಂದು ನಕ್ಕರು. ಹಂಪವ್ವನ ಕಣ್ಣಿನಲ್ಲಿ ನೀರು ಬಂತು, ಆದರೂ ನಿಲ್ಲಿಸಲಿಲ್ಲ. "ಖಾಲಿ ಕೊಡಕ್ಕ ಎಡ ಬಲ ಎಲ್ಲೈತ್ರೀ? ಹ್ಯಾಂಗ ಬೇಕಾದ್ರೂ ಹೋಗತೀವಿ. ತುಂಬಿದ ಮ್ಯಾಲ ಅಲ್ಲೇನ್ರೀ ಎಡ ಯಾವುದು, ಬಲ ಯಾವುದು ಅಂತ ನೋಡಿ ಕಾಲಿಡೂದು? ನಾ ತುಂಬಿದ ಕೊಡದ ಬಲ ಹೇಳಿದೆ."

ಹೆಂಗಸರೆಲ್ಲ ಒಮ್ಮೆಗೇ ಹೌದೆಂದರು. ಅವರಲ್ಲಿ ಒಬ್ಬಳಿಗೂ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಗಂಡಸರಿಗೆ ಮಾತ್ರ ತಲೆ ತಿರುಗಿತು. ತಳವಾರ ದುರುಗಪ್ಪ ಕೋಲು ಊರಿಕೊಂಡು ಎದ್ದು ನಿಂತು, "ಬಾವೀಗೆ ಹೋಗೂ ದಾರಿ ಅಂತಾರ. ಬಾವಿಂದ ಬರೂ ದಾರಿ ಅಂತ ಯಾರರ ಅಂತಾರೇನು? ಹೋಗೂವಾಗಿನ ಬಲಾನ ಬಲ" ಎಂದನು. "ಬಾಳ ತಿಳಿದಾಂವ ನೋಡು! ಹುಟ್ಟಿದಾಗಿಂದ ಒಂದು ಕೊಡ ಹೊತ್ತೀಯೇನ್ಲೇ ದುರುಗ್ಯಾ?" ಎಂದು ಸೂಗವ್ವ ತಿರುಗಿಬಿದ್ದಳು. ಮಾತಿಗೆ ಮಾತು ಬೆಳೆಯಿತು. ಆನೆಗಳ ಲೆಕ್ಕದಲ್ಲಿ ಬಲ ಯಾವುದೆಂದು ಒಬ್ಬ ಕೇಳಿದ. ಒಳಗಿರುವ ಗಂಗವ್ವನ ಲೆಕ್ಕದಲ್ಲಿ ನೋಡಬೇಕೆಂದು ಇನ್ನೊಬ್ಬ ಹೇಳಿದ. ಅಯ್ಯನಗೌಡ ಸಾಕಾಗಿ, "ಬಾಯಿ ಮುಚ್ಚ್ರಿ. ಎಲ್ಲಾರೂ ಬಲಗೈ ಮ್ಯಾಲ ಎತ್ತಿ ಇಳೀರಿ, ಹಂಗಽ ಹತ್ರಿ. ಕಣ್ಣೀಲೆ ನೋಡಿ ಮುಗಿಸಿಬಿಡೂಣು" ಎಂದನು.

ಆ ದಿನದ ಆಟವನ್ನು ಹೇಳುವಾಗ ಹಿರಿಯರು ಇಂದಿಗೂ ಎದ್ದು ನಿಂತು ಮಾಡಿ ತೋರಿಸುತ್ತಾರೆ. ಊರಿಗೆ ಊರೇ ಬಲಗೈಗಳನ್ನು ಮೇಲೆತ್ತಿಕೊಂಡು ಮೆಟ್ಟಿಲು ಇಳಿಯಿತು. ಇಳಿದವರು ನೀರಬಾಗಿಲನ್ನು ದಾಟಿ ತಿರುಗಿದಾಗ, ಇನ್ನೂ ಇಳಿಯುತ್ತಿದ್ದವರ ಕೈಗಳು ಎದುರು ಕಡೆಗೆ ಕಂಡವು. "ಏ, ಎಡಗೈ ಯಾಕ ಎತ್ತೀರಿ?" ಎಂದು ಇವರು, "ಎಡಗೈ ಎತ್ತಿದವರು ನೀವು" ಎಂದು ಅವರು. ಕೆಲವರು ಹೆದರಿ ಕೈ ಬದಲಿಸಿದರು. ಇನ್ನು ಕೆಲವರು ಯಾವುದಕ್ಕೂ ಇರಲಿ ಎಂದು ಎರಡನ್ನೂ ಎತ್ತಿದರು. ಹತ್ತುವವರು ಇಳಿಯುವವರ ಎದೆಗೆ ಹಾಯ್ದರು. ಅಯ್ಯನಗೌಡ ತಾನೇ ಸರಿಮಾಡುತ್ತೇನೆಂದು ಕೆಳಗೆ ಹೋಗಿ, ಕೈ ಎತ್ತಿಕೊಂಡೇ ಮೇಲಿನವರಿಗೆ ಹೇಳಲು ಹಿಂದಕ್ಕೆ ತಿರುಗಿ, ಆನೆಯನ್ನೊಮ್ಮೆ ತನ್ನ ಕೈಯನ್ನೊಮ್ಮೆ ನೋಡುತ್ತ, ಮಾತು ಮರೆತು ನಿಂತನು. ನೀರಬಾಗಿಲ ಒಳಗೆ ಜನ ಕಿಕ್ಕಿರಿದು, ತುಳಿದಾಡಿ, ಕಾಲು ಕಾಲಿಗೆ ತಾಗಿ ಬೈದಾಡುತ್ತಿದ್ದರು. ಆಗ ದುರುಗಪ್ಪ, "ಯಾವಾಂವಲೇ ಅಂವ, ಇಷ್ಟು ಮಂದ್ಯಾಗ..." ಎಂದು ಬೈಯಲು ಹೋಗಿ ಕೆಳಗೆ ನೋಡಿ, ಅಷ್ಟಕ್ಕೇ ನಿಂತನು. ಅವನ ಪಾದ ಒದ್ದೆಯಾಗಿತ್ತು. ಊಟೆಯ ಬಾಯಿಗೆ ಮೆತ್ತಿಕೊಂಡಿದ್ದ ಎರೆಮಣ್ಣಿನ ಬಿರಡೆ ಅಷ್ಟು ಜನರ ತುಳಿತಕ್ಕೆ ಸಡಿಲವಾಯಿತೆಂದು ಕೆಲವರು, ಇವರ ಜಗಳ ಯಾತಕ್ಕೆಂದು ನೋಡಲು ಗಂಗವ್ವನೇ ಎದ್ದು ಬಂದಳೆಂದು ಕೆಲವರು ಹೇಳುತ್ತಾರೆ. ಯಾವುದಾದರೇನು, ಎಲ್ಲರೂ ಕೈ ಇಳಿಸುವಷ್ಟರಲ್ಲಿ ನೀರು ಪಾದವನ್ನು ಮುಳುಗಿಸಿ ಮೇಲೇರುತ್ತಿತ್ತು.

ಸಂಭ್ರಮ ತುಸು ತಣ್ಣಗಾದ ಮೇಲೆ ಅಯ್ಯನಗೌಡ ಆನೆಗಳ ಮಾತನ್ನು ಮತ್ತೆ ತೆಗೆದನು. ಬದಲಿಸಬೇಕೆಂದರೆ ಎರಡು ಗೋಡೆಗಳನ್ನೂ ಬುಡದವರೆಗೆ ಬಿಚ್ಚಬೇಕು, ಬಿಚ್ಚಿದರೆ ಮಳೆಗೆ ಹಿಂದಿನ ಮಣ್ಣು ಜಾರಿ ಊಟೆ ಮತ್ತೆ ಮುಚ್ಚಿದರೂ ಮುಚ್ಚಬಹುದು ಎಂದು ಬಮ್ಮೋಜ ಹೇಳಿದನು. ಬಿಟ್ಟರೆ ಆನೆಗಳು ಎಂದೆಂದಿಗೂ ಬೆನ್ನು ತಿರುಗಿಸಿಯೇ ನಿಲ್ಲುತ್ತವೆ. ಕಟ್ಟಿಸಿದ ಹಿರಿಯರ ಮನಸ್ಸು ಏನಿತ್ತೋ, ಅದನ್ನು ಕೆಡಿಸಿದ ಮಾತು ಎರೆದಿನ್ನಿಯ ಮೇಲೆ ಉಳಿಯುತ್ತದೆ. ಗೌಡ ಹಂಪವ್ವನ ಕಡೆಗೆ ತಿರುಗಿ, "ಕೊಡ ಇಟ್ಟು ಕೆಲಸ ಹಚ್ಚಿದಾಕಿ ನೀನು. ಬಲ ಅಂದಾಕೀನೂ ನೀನು. ಬಿಚ್ಚೂಣೋ, ಬಿಡೂಣೋ? ನೀನಽ ಹೇಳಿಬಿಡು" ಎಂದನು.

ಹಂಪವ್ವ, ಮೇಲೆ ಬಂದು ಹೇಳುತ್ತೇನೆ ಎಂದು ಕೊಡವನ್ನು ಎತ್ತಿಕೊಂಡಳು. ಗೌಡನೂ ಉಳಿದವರೂ ಒಬ್ಬೊಬ್ಬರಾಗಿ ಮೇಲೆ ಹತ್ತಿ ಬಾವಿಯ ಬಾಯಿಯಲ್ಲಿ ನಿಂತರು. ಅವಳು ಕೊಡವನ್ನು ನೀರಿನಲ್ಲಿ ಓರೆಯಾಗಿ ಹಿಡಿದು, ಗುಳುಗುಳು ಎಂದು ತುಂಬಿಸಿಕೊಂಡು, ತಲೆಯ ಮೇಲೆ ಸಿಂಬಿಯಿಟ್ಟು ಹೊತ್ತಳು. ಬಾಗಿಲು ದಾಟಿದಾಗ ಬಲಗೈ ಹಳೆಯ ರೂಢಿಯಂತೆ ಚಾಚಿತು. ಆನೆಯ ಬಾಲವನ್ನು ಮುಟ್ಟಿ, ಹಿಂದಕ್ಕೆ ಬಂತು. ಉಸಿರು ಎಳೆದುಕೊಳ್ಳಲು ಅಲ್ಲಿ ಇನ್ನು ಜಾಗವಿರಲಿಲ್ಲ. ಅವಳು ನಿಲ್ಲದೆ ಹತ್ತಿದಳು. ಅರ್ಧದಲ್ಲಿ ಕತ್ತು ನಡುಗಿತು, ನೀರು ತುಳುಕಿ ಕೆನ್ನೆಯ ಮೇಲೆ ಇಳಿಯಿತು. ಎಲ್ಲರೂ ನೋಡುತ್ತಿದ್ದರು. ಕೊನೆಯ ಮೆಟ್ಟಿಲಿಗೆ ಬಂದು ಅವಳು ಗೌಡನ ಎದುರಿಗೇ ನಿಂತಳು.

"ಬಿಡ್ರಿ" ಎಂದಳು ಏದುಸಿರಿನಲ್ಲಿ. "ಅಲ್ಲಿ ಕೊಡ ಇಡಾಕ ತಾವಿಲ್ಲರೀ ಈಗ. ಇಲ್ಲಿ ಇಳಿಸಿಕೊಳ್ಳಾಕ ಒಂದು ಕೈ ಇದ್ರ ಸಾಕು. ಎಡಗೈ ಆದ್ರೂ ಆದೀತು, ಬಲಗೈ ಆದ್ರೂ ಆದೀತು."

ಅಯ್ಯನಗೌಡ ಹುಟ್ಟಿದಾಗಿನಿಂದ ಯಾವ ಹೆಂಗಸಿನ ತಲೆಯ ಕೊಡವನ್ನೂ ಇಳಿಸಿದವನಲ್ಲ. ಅವನು ಮೊದಲು ಬಲಗೈ ಮುಂದೆ ಮಾಡಿದ; ಏನೋ ಅನುಮಾನ ಬಂದು ಹಿಂದಕ್ಕೆಳೆದುಕೊಂಡು ಎಡಗೈ ಮುಂದೆ ಮಾಡಿದ. ಕೊಡ ವಾಲಿತು. ಆಗ ಎರಡು ಕೈಗಳನ್ನೂ ಚಾಚಿ, ಕೂಸನ್ನು ಎತ್ತಿಕೊಂಡಂತೆ ಅದನ್ನು ಎದೆಗೆ ಒರಗಿಸಿಕೊಂಡು ಇಳಿಸಿದನು. ಅವನ ಅಂಗಿಯೆಲ್ಲ ಒದ್ದೆಯಾಯಿತು. ಆ ವರ್ಷದ ಸುಗ್ಗಿಯಲ್ಲಿ ಕಣದಲ್ಲಿ ಹಂಪವ್ವನ ಪಾಲನ್ನು ಗೌಡನೇ ನಿಂತು ಅಳೆಯಿಸಿದನು ಎನ್ನುತ್ತಾರೆ. ಅವಳು ತಮ್ಮನ ಊರಿನ ದಾರಿ ಹಿಡಿಯಲಿಲ್ಲ; ಮುದುಕಿಯಾಗಿ ಎರೆದಿನ್ನಿಯಲ್ಲಿಯೇ ಮಣ್ಣಾದಳು.

ಆನೆಗಳು ಅಂದು ನಿಂತಂತೆಯೇ ಇಂದಿಗೂ ನಿಂತಿವೆ. ಬಾವಿಗೆ ಇಳಿದವರು ಬಲಮೂಲೆಯಲ್ಲಿ ಬಗ್ಗಿ ನೋಡಿದರೆ, ಗೋಡೆಯ ನೆರಳಿನಲ್ಲಿ ಆನೆಯ ತಲೆಯ ಮೇಲಿನ ಕುಣಿ ಕಾಣುತ್ತದೆ; ಯಾರೂ ಕೊಡವಿಡದ ಆ ಕುಣಿಯಲ್ಲಿ ಗುಬ್ಬಿಗಳು ನೀರು ಕುಡಿಯುತ್ತಿರುತ್ತವೆ. ಬಾವಿಯ ಬಾಯಿಯಲ್ಲಿ ನಿಂತಿದ್ದವರು, ಗಂಡಸಾಗಲಿ ಹೆಂಗಸಾಗಲಿ, ಪರವೂರಿನವರೇ ಆಗಲಿ, ತುಂಬಿದ ಕೊಡ ಹೊತ್ತು ಬಂದವರಿಗೆ ಎರಡು ಕೈ ಚಾಚಿ ಇಳಿಸಿಕೊಳ್ಳಬೇಕು. ಚಾಚದೆ ನಿಂತವರನ್ನು ನಮ್ಮವರು ಮಾತಾಡಿಸುವುದಿಲ್ಲ. ಎರೆದಿನ್ನಿಯಲ್ಲಿ ಯಾರಿಗಾದರೂ ದಾರಿ ಕೇಳಿ, ಬಲಕ್ಕೆ ಹೋಗಿ ಎಂದು ಅವರು ಹೇಳಿದರೆ, ಖಾಲಿ ಕೊಡದ ಬಲವೋ ತುಂಬಿದ ಕೊಡದ ಬಲವೋ ಎಂದು ಕೇಳಿಕೊಂಡು ಹೊರಡುವುದು ಒಳ್ಳೆಯದು. ಈಗ ಗೋಡೆಯ ಸಂದಿಗಳಲ್ಲಿ ಅರಳಿಯ ಸಸಿಗಳು ಎದ್ದು ಕಲ್ಲುಗಳು ಮತ್ತೆ ಸಡಿಲವಾಗಿವೆ. ಊರವರು ಕೂಡಿ ಕೆಲಸ ಹಿಡಿದಿದ್ದಾರೆ. ನೋಡಲು ಬಂದ ತಿಳಿದವರೊಬ್ಬರು, ಬಿಚ್ಚುವುದು ಹೇಗೂ ಇದೆ, ಈ ಸಲ ಆನೆಗಳನ್ನು ಸರಿಯಾದ ಕಡೆಗೆ ಕೂರಿಸಬಹುದಲ್ಲ ಎಂದರು. ಸರಿಯಾದ ಕಡೆ ಯಾವುದೆಂದು ಊರವರು ಅವರನ್ನು ಕೇಳಿದರು. ಅವರು ಕೈ ಎತ್ತಿ ತೋರಿಸಲು ಹೋಗಿ, ಒಮ್ಮೆ ಬಾವಿಯ ಕಡೆಗೆ, ಒಮ್ಮೆ ಊರಿನ ಕಡೆಗೆ ತಿರುಗಿ, ಹಾಗೆಯೇ ನಿಂತರು.

ನನಗೆ ತಿಳಿದದ್ದು ಇಷ್ಟು. ಬರೆದುದರಲ್ಲಿ ತಪ್ಪುಗಳಿದ್ದರೆ ಓದುವವರು ಕ್ಷಮಿಸಬೇಕೆಂದು ಕೇಳಿಕೊಳ್ಳುತ್ತೇನೆ.